ಮಾವ ಲಿಫ್ಟ್ ಬಿಟ್ಟದ್ದು, ವಿಮಾನ ಬಿಟ್ಟದ್ದು

ಅಜ್ಜಿಯ ಕಥೆಗಳಲ್ಲಿ ಹಾರುವುದು ಬಹಳ ಸುಲಭದ ಕೆಲಸ. ರಾಜಕುಮಾರ ಮರದ ಹಕ್ಕಿಯ ಬೆನ್ನೇರಿ ಅದರ ಬಲಗಿವಿ ತಿರುಗಿಸಿದರೆ ಮುಗಿಯಿತು, ಏಳು ಸಮುದ್ರ ಹಿಂದೆ ಬೀಳುತ್ತಿದ್ದವು. ಹಕ್ಕಿಗೆ ಕಿವಿ ಎಲ್ಲಿರುತ್ತೆ ಅಜ್ಜಿ ಎಂದು ಕೇಳಿದರೆ, "ಬಡಗಿ ಇಟ್ಟಿದ್ದ ಕಣೇ, ನೀನು ಸುಮ್ನೆ ಕೇಳು" ಎನ್ನುತ್ತಿದ್ದಳು. ಆದರೆ ಆ ಕಥೆಗಳಲ್ಲಿ ಯಾವ ರಾಜಕುಮಾರನ ಮುಂದೆಯೂ ಒಂದೇ ಸಲ ಎರಡು ಹಕ್ಕಿಗಳನ್ನು ನಿಲ್ಲಿಸಿ, ಹದಿನಾಲ್ಕು ದಿನ ಉಚಿತವಾಗಿ ಹತ್ತಿ ನೋಡು, ಆಮೇಲೆ ಒಂದನ್ನು ಇಟ್ಟುಕೋ ಎಂದವರಿಲ್ಲ. ಆ ಸಂಕಟ ಬಂದದ್ದು ನನ್ನ ಮಾವನಿಗೆ ಮಾತ್ರ.

ಮಾವ ನನ್ನ ಅಮ್ಮನ ತಮ್ಮ. ನಾನು ಬೆಳೆದದ್ದು ಅವನ ಮನೆಯಲ್ಲಿ, ಅಜ್ಜಿಯ ಮಗ್ಗುಲಲ್ಲಿ. ಮಾವ ಇಪ್ಪತ್ತೆರಡು ವರ್ಷದಿಂದ ಒಂದು ವಿಮಾ ಕಚೇರಿಯಲ್ಲಿ ಲಿಫ್ಟ್ ಬಿಡುತ್ತಾನೆ. ಏಳು ಮಹಡಿಯ ಕಟ್ಟಡ. ಗುಂಡಿ ಒತ್ತುವ ಲಿಫ್ಟಲ್ಲ, ಮಡಚುವ ಜಾಲರಿ ಬಾಗಿಲಿನ ಹಳೆಯ ಲಿಫ್ಟು. ಒಳಗೊಂದು ಹಿತ್ತಾಳೆಯ ಹಿಡಿ. ಬಲಕ್ಕೆ ತಳ್ಳಿದರೆ ಮೇಲೆ, ಎಡಕ್ಕೆ ತಳ್ಳಿದರೆ ಕೆಳಗೆ, ನಡುವೆ ತಂದರೆ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಬಿಡುವವನ ಕೈಗುಣ. ಲಿಫ್ಟಿನ ನೆಲವೂ ಮಹಡಿಯ ನೆಲವೂ ಸಮವಾಗಿ ಕೂಡದಿದ್ದರೆ ಬಾಗಿಲು ತೆರೆಯುವುದೇ ಇಲ್ಲ. ಮಾವನ ಕೈಯಲ್ಲಿ ಅವೆರಡೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಕೂಡುತ್ತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಆ ಕಟ್ಟಡದಲ್ಲಿ ಎಡವಿ ಬಿದ್ದವರು ಇದ್ದರೆ ಅವರು ಮೆಟ್ಟಿಲಲ್ಲಿ ಬಿದ್ದವರು.

ಅಜ್ಜಿಗೆ 'ವಿಮಾ' ಎಂಬ ಶಬ್ದ ಯಾವಾಗಲೂ ಅರ್ಧಕ್ಕೆ ನಿಂತಂತೆ ಕೇಳುತ್ತಿತ್ತು. ಆದ್ದರಿಂದ ಅವಳು ಅದನ್ನು ತಾನೇ ಪೂರ್ತಿ ಮಾಡಿ 'ವಿಮಾನದ ಆಫೀಸು' ಎನ್ನುತ್ತಿದ್ದಳು. ಮಗನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ವಿಮಾನದ ಆಫೀಸಲ್ಲಿ. ದಿನಕ್ಕೆ ನೂರು ಸಲ ಮೇಲೆ ಹೋಗಿ ಬರ್ತಾನೆ" ಎಂದುಬಿಡುವಳು. ನಾವು ಯಾರೂ ತಿದ್ದಿರಲಿಲ್ಲ. ಅಷ್ಟು ವರ್ಷದ ಹೆಮ್ಮೆಯಿಂದ ಒಂದು ಅಕ್ಷರ ಕಿತ್ತುಕೊಳ್ಳುವಷ್ಟು ಕಟುಕರಲ್ಲ ನಾವು.

ಈ ಲಿಫ್ಟಿಗೆ ಒಬ್ಬ ಶತ್ರು ಇದ್ದರು, ಕಚೇರಿಯ ಮ್ಯಾನೇಜರು. ಐದು ವರ್ಷದಿಂದ ಅವರಿಗೆ ಗುಂಡಿ ಒತ್ತುವ ಹೊಸ ಲಿಫ್ಟಿನ ಕನಸು. ಮೇಲಿನವರು ಒಪ್ಪಿದ್ದರು, ಆದರೆ ಒಂದು ಮಾತು ಸೇರಿಸಿದ್ದರು: ಈಗಿರುವ ನೌಕರ ತಾನಾಗಿ ಬಿಟ್ಟು ಹೋಗುವವರೆಗೆ ಹಳೆಯದೇ ಇರಲಿ. ಅಂದಿನಿಂದ ಮ್ಯಾನೇಜರು ಲಿಫ್ಟ್ ಹತ್ತಿದಾಗಲೆಲ್ಲ, "ನಿಮಗೆ ಜೀವನದಲ್ಲಿ ಬೇರೆ ಏನೂ ಆಸೆ ಇಲ್ವಾ?" ಎಂದು ಬಹಳ ಪ್ರೀತಿಯಿಂದ ವಿಚಾರಿಸುತ್ತಿದ್ದರು. ಮಾವನೂ ಅಷ್ಟೇ ಪ್ರೀತಿಯಿಂದ "ಇಲ್ಲ ಸಾರ್" ಎನ್ನುತ್ತಿದ್ದ.

ಆಸೆ ಹುಟ್ಟಿದ್ದು ಒಬ್ಬ ಪೈಲಟ್‌ನಿಂದ. ನಿಜವಾದ ಪೈಲಟ್, ಬಿಳಿ ಅಂಗಿ, ಭುಜದ ಮೇಲೆ ನಾಲ್ಕು ಪಟ್ಟಿ. ವಿಮೆಯ ಯಾವುದೋ ಕಾಗದಕ್ಕೆ ಬಂದವರು ಮಾವನ ಲಿಫ್ಟಿನಲ್ಲಿ ಆರನೆಯ ಮಹಡಿಗೆ ಹೋದರು. ಲಿಫ್ಟ್ ನಿಂತಿತು. ಅವರು ಹೊಸ್ತಿಲು ನೋಡಿದರು, ಮಾವನನ್ನು ನೋಡಿದರು, "ಒಳ್ಳೆ ಲ್ಯಾಂಡಿಂಗ್" ಎಂದರು, ಹೊರಟುಹೋದರು.

ಅವರಿಗೆ ಅದು ಎರಡು ಶಬ್ದ. ಮಾವನಿಗೆ ಅದು ಪದವಿ ಪತ್ರ.

"ಅವರು ಸುಮ್‌ಸುಮ್ನೆ ಹೇಳೋರಲ್ಲ" ಎಂದ ಮಾವ, ಸಂಜೆ ಅಂಗಿಯ ಗುಂಡಿ ಬಿಚ್ಚುವುದನ್ನೂ ಮರೆತು. "ಗಾಳಿ, ಎತ್ತರ, ನೆಲ. ನಾನು ಮಾಡೋದೂ ಅದೇ ಕೆಲಸ. ಸ್ವಲ್ಪ ಗಾಳಿ ಕಮ್ಮಿ, ಅಷ್ಟೇ. ಕೂತ್ರೆ ನಾನೂ ವಿಮಾನ ಬಿಡ್ತೀನಿ."

"ಇಷ್ಟು ದಿನ ರೈಲು ಬಿಡ್ತಿದ್ರಿ" ಎಂದಳು ಅತ್ತೆ. "ಈಗ ವಿಮಾನಕ್ಕೆ ಬಡ್ತಿ ಸಿಕ್ತು."

ಮರುದಿನವೇ ಮಾವ ನನ್ನ ಹಳೆಯ ಕಂಪ್ಯೂಟರನ್ನು ಎರಡು ಕೈಯಲ್ಲೂ ಎತ್ತಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿಯವರು ಅದಕ್ಕೆ ಎರಡು ವಿಮಾನ ಹಾರಿಸುವ ಪ್ರೋಗ್ರಾಂ ಹಾಕಿ, ಒಂದು ಜಾಯ್‌ಸ್ಟಿಕ್ಕನ್ನೂ ಕಿವಿಗೆ ಹಾಕುವ ಹೆಡ್‌ಫೋನನ್ನೂ ಜೊತೆಗೆ ಕೊಟ್ಟು, "ಎರಡೂ ಬೇರೆ ಬೇರೆ ಕಂಪನಿ. ಹದಿನಾಲ್ಕು ದಿನ ಎರಡನ್ನೂ ಬಿಟ್ಟು ನೋಡಿ. ಆಮೇಲೆ ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಟ್ಬಿಡಿ" ಎಂದರು.

ಈ ಒಂದೇ ಮಾತಿನಲ್ಲಿ 'ಬಿಡು' ಎರಡು ಕಡೆ ಬಂತು, ಎರಡು ಕಡೆಯೂ ಬೇರೆ ಬೇರೆ ಅರ್ಥದಲ್ಲಿ. ಆಗಲೇ ನಾವು ಎಚ್ಚರಗೊಳ್ಳಬೇಕಿತ್ತು.

ಒಂದರ ಚಿತ್ರ ನೀಲಿ, ಇನ್ನೊಂದರದು ಬೂದು. ಹಾಗಾಗಿ ನಮ್ಮ ಮನೆಯಲ್ಲಿ ಅವು ನೀಲಿ ಕಂಪನಿ, ಬೂದು ಕಂಪನಿ ಆದವು.

ನೀಲಿಯದು ಸ್ವರ್ಗ. ಮೋಡದ ಅಂಚಿಗೆ ಬೆಳಕು, ಸಮುದ್ರದ ಮೇಲೆ ವಿಮಾನದ ಪುಟ್ಟ ನೆರಳು, ಬೇಕೆಂದಾಗ ಸೂರ್ಯಾಸ್ತ. ನಾನು ಮಾವನ ಹಿಂದೆ ನಿಂತು ನೋಡುತ್ತ ನೋಡುತ್ತ ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿಸಿದೆ. ನೀಲಿಗೆ ಸಿಟ್ಟೇ ಬರುವುದಿಲ್ಲ. ಮಾವ ವಿಮಾನವನ್ನು ಗದ್ದೆಯಲ್ಲಿ ಇಳಿಸಿದರೂ, ಸೇತುವೆಯ ಮೇಲೆ ಇಳಿಸಿದರೂ, ಒಮ್ಮೆ ತಲೆಕೆಳಗಾಗಿ ಸಮುದ್ರದಲ್ಲಿ ಇಳಿಸಿದಾಗಲೂ ಅದು ಚಪ್ಪಾಳೆ ಹೊಡೆದು "ಭೇಷ್ ಕ್ಯಾಪ್ಟನ್" ಎಂದಿತು.

ಬೂದು ಹಾಗಲ್ಲ. ಅದರಲ್ಲಿ ಇಂಜಿನ್ ಚಾಲೂ ಆಗಬೇಕಾದರೆ ನಲವತ್ತೇಳು ಗುಂಡಿ ಒತ್ತಬೇಕು. ಹೊರಗೆ ನೋಡಿದರೆ ಮೋಡವೂ ಬೂದು, ನೆಲವೂ ಬೂದು. ಆದರೆ ಅದಕ್ಕೊಂದು ದನಿ ಇತ್ತು. ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತ ಹೆಂಗಸಿನ ದನಿ, ಸಿಟ್ಟೂ ಇಲ್ಲದ, ಮೆಚ್ಚುಗೆಯೂ ಇಲ್ಲದ ದನಿ. ಅವಳ ಭಾಷೆ ಮಾವನಿಗೆ ಅರ್ಥವಾಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡ ಮಾಡಿ ಹೇಳುತ್ತಿದ್ದೆ. ನನ್ನ ಕನ್ನಡ ಅಜ್ಜಿಯ ಕಥೆಯ ಕನ್ನಡ. ಹಿಡಿ ಸಡಿಲವಿರಲಿ ಎಂದು ಅವಳು ಹೇಳಿದರೆ ನಾನು "ಕೋಳಿಮರಿ ಹಿಡಿದ ಹಾಗೆ ಹಿಡಿ" ಎನ್ನುತ್ತಿದ್ದೆ. ಈ ಸಲ ಬೇಡ, ಮತ್ತೊಮ್ಮೆ ಪ್ರಯತ್ನಿಸಿ ಎಂದರೆ "ಇನ್ನೊಂದು ಸುತ್ತು ಹೋಗಿ ಬಾ, ನಾಚಿಕೆ ಏನಿಲ್ಲ" ಎನ್ನುತ್ತಿದ್ದೆ. ಕೆಳಗೆ ನೋಡಬೇಡಿ ಎಂದರೆ "ನೆಲ ಹುಡುಕಬೇಡ. ನೆಲ ಎಲ್ಲಿಗೂ ಹೋಗೋದಿಲ್ಲ" ಎನ್ನುತ್ತಿದ್ದೆ.

ನೆಲ ಎಲ್ಲಿಗೂ ಹೋಗಲಿಲ್ಲ, ನಿಜ. ಹತ್ತು ದಿನದಲ್ಲಿ ಮಾವ ಅದಕ್ಕೆ ಮೂವತ್ತೊಂಬತ್ತು ಸಲ ಡಿಕ್ಕಿ ಹೊಡೆದ.

"ನೀಲಿನೇ ಒಳ್ಳೇದು" ಎಂದು ಪ್ರತಿ ಸಲ ಬಿದ್ದಾಗಲೂ ಹೇಳುವನು. "ಅದಕ್ಕೆ ನನ್ನ ಕೆಲಸ ಅರ್ಥ ಆಗುತ್ತೆ."

"ಹಾಗಾದ್ರೆ ಅದನ್ನೇ ಇಟ್ಕೊಳ್ಳಿ" ಎಂದಳು ಅತ್ತೆ.

"ಈ ಬೂದು ಒಂದ್ಸಲ ನನ್ನ ಒಪ್ಪಲಿ. ಆಮೇಲೆ ಬೇಡ ಅಂತೀನಿ. ಈಗ ಬೇಡ ಅಂದ್ರೆ ಅದೇನು ತಿಳ್ಕೊಳ್ಳುತ್ತೆ?"

ನನ್ನ ಹಳೆಯ ಕಂಪ್ಯೂಟರಿನ ಫ್ಯಾನು ಇಷ್ಟೆಲ್ಲ ಹಾರಾಟಕ್ಕೆ ಹೊಂದಿದ್ದಲ್ಲ. ಅದು ನಿಜವಾದ ಇಂಜಿನ್ನಿನಂತೆ ಗುಂಯ್‌ಗುಡುತ್ತಿತ್ತು. ಆ ಸದ್ದು ಗೋಡೆಯಾಚೆ ಗೋಡೆರಾಯರಿಗೆ ಕೇಳಿತು. ಪಕ್ಕದ ಮನೆಗೆ ಹೊಸದಾಗಿ ಬಂದ ನಿವೃತ್ತ ಮೇಷ್ಟರು ಅವರು. ನಮ್ಮ ಮನೆಯ ಸುದ್ದಿಯನ್ನೆಲ್ಲ ನಡುಗೋಡೆಯಿಂದಲೇ ಸಂಪಾದಿಸುತ್ತಿದ್ದರಿಂದ ಅತ್ತೆ ಆ ಹೆಸರು ಇಟ್ಟಿದ್ದಳು. ಒಂದು ಬೆಳಿಗ್ಗೆ ಅವರು ಜಗಲಿಯಲ್ಲಿದ್ದ ಅಜ್ಜಿಯನ್ನು ಹಿಡಿದರು.

"ನಿಮ್ಮ ಮಗ ವಿಮಾನ ಬಿಡ್ತಾರೆ ಅಂತ ಕಿವಿಗೆ ಬಿತ್ತು, ಹೌದಾ ತಾಯಿ?"

"ವಿಮಾನದ ಆಫೀಸಲ್ಲೇ ಅಲ್ವಾ ಅವನಿರೋದು."

"ನನಗೆ ಗೊತ್ತೇ ಇರ್ಲಿಲ್ಲ. ಎಷ್ಟು ವರ್ಷದಿಂದ?"

"ಇಪ್ಪತ್ತೆರಡು."

"ಈಗ ಯಾವುದೋ ಎರಡು ಕಂಪನಿ ಅಂತಿದ್ರು."

"ಎರಡೂ ನಮ್ಮನ್ನೇ ಇಟ್ಕೋ ಅಂತ ದುಂಬಾಲು ಬಿದ್ದಿವೆಯಂತೆ. ಒಂದು ಹೊಗಳುತ್ತೆ, ಇನ್ನೊಂದು ಬಯ್ಯುತ್ತೆ. ಪಾಪ, ನನ್ನ ಮಗನಿಗೆ ಇಬ್ಬಂದಿ."

ಅಂದಿನಿಂದ ಗೋಡೆರಾಯರು ಮಾವನನ್ನು 'ಕ್ಯಾಪ್ಟನ್ನರೇ' ಎಂದು ಕರೆಯತೊಡಗಿದರು. ಮಾವ ತಿದ್ದಲಿಲ್ಲ. ನೀಲಿ ಕಂಪನಿಯೂ ಹಾಗೇ ಕರೆಯುತ್ತಿತ್ತಾದ್ದರಿಂದ ಅವನಿಗೆ ಅದು ಅಭ್ಯಾಸವಾಗಿತ್ತು.

"ಕ್ಯಾಪ್ಟನ್ನರೇ, ನಾನು ಈವರೆಗೆ ವಿಮಾನ ಹತ್ತಿದವನಲ್ಲ. ನಿಮ್ಮದು ಯಾವ ಕಂಪನಿ ಅಂತ ಗೊತ್ತಾದ್ಮೇಲೆ ನನಗೊಂದು ಕಿಟಕಿ ಪಕ್ಕದ ಸೀಟು" ಎಂದರು.

"ನಿಮಗಿಲ್ಲದ ಸೀಟಾ ಮೇಷ್ಟ್ರೇ? ಯಾವಾಗ ಬೇಕಾದ್ರೂ ಬನ್ನಿ" ಎಂದ ಮಾವ. ಕಂಪ್ಯೂಟರ್ ಇಟ್ಟಿದ್ದು ಮುಂಗೋಣೆಯ ಕಿಟಕಿಯ ಪಕ್ಕದಲ್ಲಿ. ಅಲ್ಲಿ ಒಂದು ಕುರ್ಚಿ ಖಾಲಿಯೂ ಇತ್ತು.

ಹನ್ನೊಂದನೆಯ ದಿನಕ್ಕೆ ಮಾವ ಗಂಭೀರನಾದ. ಉಳಿದದ್ದು ಮೂರು ದಿನ. ಸಂಜೆಯ ಎರಡು ಗಂಟೆಗಳಲ್ಲಿ ತೀರ್ಮಾನವಾಗುವ ವಿಷಯವಲ್ಲ ಇದು. ಮೂರು ದಿನ ರಜೆ ಹಾಕಿ, ಬೆಳಗಿನಿಂದ ಸಂಜೆವರೆಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವನು ಕೇಳಿದ ಮೊದಲ ಉದ್ದನೆಯ ರಜೆ.

"ರಜಾ ಚೀಟಿ ನೀನೇ ಬರಿ ಪುಟ್ಟಿ" ಎಂದ. "ನಿನ್ನ ಬರವಣಿಗೆಗೆ ಒಂದು ತೂಕ ಇರುತ್ತೆ."

"ಏನಂತ ಬರೀಲಿ?"

"ಇರೋದನ್ನೇ ಬರಿ. ಎರಡು ವಿಮಾನ ಬಿಟ್ಟು ನೋಡ್ತಿದ್ದೀನಿ, ಒಂದನ್ನ ಆರಿಸ್ಕೋಬೇಕು, ಮೂರು ದಿನ ಬೇಕು. ಆಮೇಲೆ ಬಂದು ಲಿಫ್ಟ್ ಬಿಡ್ತೀನಿ. ಅಷ್ಟೇ. ಸುಳ್ಳು ಬೇಡ."

ನಾನು ಸುಳ್ಳು ಬರೆಯಲಿಲ್ಲ. ಬರೆದದ್ದು ಇಷ್ಟು:

'ಮಾನ್ಯರೇ, ಹನ್ನೊಂದು ದಿನಗಳಿಂದ ನಾನು ಎರಡು ಕಂಪನಿಗಳ ವಿಮಾನಗಳನ್ನು ಬಿಟ್ಟು ನೋಡುತ್ತಿದ್ದು, ಅವೆರಡರಲ್ಲಿ ಒಂದನ್ನು ಈ ವಾರದೊಳಗೆ ಆರಿಸಿಕೊಳ್ಳಬೇಕಾಗಿದೆ. ಆದಕಾರಣ ಮೂರು ದಿನ ರಜೆ ದಯಪಾಲಿಸಬೇಕು. ಮೂರು ದಿನಗಳಾದ ಮೇಲೆ, ಯಾರೇ ತಡೆದರೂ, ನಾನು ಲಿಫ್ಟ್ ಬಿಡುವುದು ಖಂಡಿತ.'

'ಯಾರೇ ತಡೆದರೂ' ಎಂಬುದು ನನ್ನದೇ ಸೇರ್ಪಡೆ. ಅಜ್ಜಿಯ ರಾಜಕುಮಾರರು ಮಾತು ಕೊಡುವಾಗ ಹಾಗೆಯೇ ಕೊಡುತ್ತಿದ್ದರು. ಅತ್ತೆ ಓದಿದ್ದರೆ ಕೂಡಲೇ ಹಿಡಿಯುತ್ತಿದ್ದಳು. ಅವಳು ಆಗ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಲೋಕದಲ್ಲಿ ಎಷ್ಟೋ ಅನಾಹುತಗಳು ಹೀಗೆ ಬಟ್ಟೆ ಒಣಗುವ ಹೊತ್ತಿನಲ್ಲೇ ನಡೆದುಹೋಗುತ್ತವೆ.

ಚೀಟಿ ಓದಿದ ಮ್ಯಾನೇಜರು ಅದನ್ನು ಮೂರು ಸಲ ಓದಿದರಂತೆ. ಐದು ವರ್ಷದ ಕನಸು ಹೀಗೆ ಒಂದು ಹಾಳೆಯಾಗಿ ಕೈಗೆ ಬರುತ್ತದೆಂದು ಅವರಿಗೆ ನಂಬಿಕೆಯಾಗಲಿಲ್ಲ. ಖಾತ್ರಿಗೆಂದು ಮರುದಿನ ಮನೆಗೆ ಫೋನ್ ಮಾಡಿದರು. ಮಾವ ಹೆಡ್‌ಫೋನ್ ಹಾಕಿಕೊಂಡು ಆಕಾಶದಲ್ಲಿದ್ದ. ಫೋನ್ ಎತ್ತಿದವಳು ಅಜ್ಜಿ. ಆ ಕಡೆಯ ಮಾತು ನಮಗೆ ತಿಳಿದದ್ದು ಆಮೇಲೆ. ಎರಡನ್ನೂ ಸೇರಿಸಿ ಇಲ್ಲಿ ಕೊಡುತ್ತೇನೆ.

"ಅಮ್ಮಾ, ನಿಮ್ಮ ಮಗ ಲಿಫ್ಟ್ ಬಿಡ್ತಾರಂತೆ, ನಿಜಾನಾ?"

"ಬಿಡದೆ ಏನಪ್ಪಾ? ಇಪ್ಪತ್ತೆರಡು ವರ್ಷ ಆಯ್ತಲ್ಲ."

"ಅಂದ್ರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ."

"ಹೆತ್ತವಳಿಗೆ ಗೊತ್ತಿರಲ್ವಾ?"

"ವಿಮಾನದ ವಿಷಯ ಏನೋ ಬರೆದಿದ್ರು."

"ವಿಮಾನದ ಆಫೀಸಲ್ಲಿ ಇದ್ಮೇಲೆ ಇನ್ನೇನು ಬರೀತಾನೆ?"

"ಓ, ಅಲ್ಲಿ ಆಗಲೇ ಸೇರಿಬಿಟ್ರಾ?"

"ಸೇರೋ ದಿನ ನಾನೇ ಹೊಸ ಬಿಳಿ ಅಂಗಿ ಹೊಲಿಸಿಕೊಟ್ಟೆ. ಭುಜ ಸ್ವಲ್ಪ ದೊಡ್ಡದಾಯ್ತು."

ಮ್ಯಾನೇಜರು ಆ ಭುಜದ ಮೇಲೆ ತಾವೇ ನಾಲ್ಕು ಪಟ್ಟಿ ಹೊಲಿದುಕೊಂಡು ಫೋನ್ ಇಟ್ಟರು. ಅದೇ ಗಳಿಗೆಯಲ್ಲಿ ಗುಂಡಿ ಲಿಫ್ಟಿನವರಿಗೆ ಬರಹೇಳಿದರು.

ಇತ್ತ ಮೂರು ದಿನದ ಪರೀಕ್ಷೆ ನಡೆಯಿತು. ನೀಲಿಯಲ್ಲಿ ಮಾವ ಜಗತ್ತು ಸುತ್ತಿ ಬಂದ. ಬೂದಿನಲ್ಲಿ ಒಂದೇ ಪುಟ್ಟ ನಿಲ್ದಾಣದ ಸುತ್ತ ಸುತ್ತಿದ, ಇಳಿಯಲಾಗಲಿಲ್ಲ. ಮಧ್ಯಾಹ್ನ ಬೇಸರ ಕಳೆಯಲು ಅಜ್ಜಿ ಒಂದು ಕಥೆ ತೆಗೆದಳು. ಒಬ್ಬ ಬಡಗಿ ಎರಡು ಹಕ್ಕಿ ಮಾಡಿದ್ದನಂತೆ. ಒಂದಕ್ಕೆ ಏರುವುದು ಗೊತ್ತು, ಇನ್ನೊಂದಕ್ಕೆ ಇಳಿಯುವುದು ಗೊತ್ತು. ರಾಜಕುಮಾರ ಎರಡರ ನಡುವೆ ನಿಂತ.

"ಯಾವುದನ್ನ ಹತ್ತಿದ?" ಎಂದು ಮಾವ ಜಾಯ್‌ಸ್ಟಿಕ್ ಬಿಟ್ಟು ತಿರುಗಿದ.

ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಅವಳ ಕಥೆಗಳಿಗೆಲ್ಲ ಕೊನೆ ಇತ್ತೆಂದು ನನಗೆ ನಂಬಿಕೆ. ಯಾವತ್ತೂ ಕೇಳಿದ್ದಿಲ್ಲ.

"ನೀಲಿನೇ" ಎಂದ ಮಾವ, ಮೂರನೆಯ ದಿನದ ಸಂಜೆ, ನಲವತ್ತೊಂಬತ್ತನೆಯ ಸಲ ಬಿದ್ದು ಎದ್ದು. "ನಾಳೆ ಡ್ಯೂಟಿ ಮುಗಿಸ್ಕೊಂಡು ಬರ್ತಾ ಅಂಗಡಿಯವರಿಗೆ ಹೇಳಿಬಿಡ್ತೀನಿ."

ನಾಲ್ಕನೆಯ ದಿನ ಬೆಳಿಗ್ಗೆ ಮಾವ ಕೆಲಸಕ್ಕೆ ಹೊರಟ. ಅವನು ಹೋಗಿ ಸ್ವಲ್ಪ ಹೊತ್ತಿಗೆ ಅತ್ತೆ, "ಅಯ್ಯೋ, ಕನ್ನಡಕ ಇಲ್ಲೇ ಇದೆ ಕಣೇ. ಕುತ್ತಿಗೆಗೆ ಆ ಹೆಡ್‌ಫೋನ್ ನೇತಾಕ್ಕೊಂಡು ಹೋಗಿದ್ದಾರೆ. ನೀನೇ ಹೋಗಿ ಕೊಟ್ಟು ಬಾ" ಎಂದಳು. ನಾನು ಕನ್ನಡಕ ಹಿಡಿದು ಓಡಿದೆ.

ಕಚೇರಿಯ ಕೆಳಮಹಡಿಯಲ್ಲಿ ಜಾತ್ರೆಯಷ್ಟು ಜನ. ಮೂರು ದಿನ ಲಿಫ್ಟಿಗೆ ಬೀಗ ಬಿದ್ದು ಮೆಟ್ಟಿಲು ಹತ್ತಿ ಸೋತವರೆಲ್ಲ ಸೇರಿದ್ದರು. ಮೇಜಿನ ಮೇಲೆ ಬಿಸ್ಕತ್ತು, ಹೂಗುಚ್ಛ, ಚಕ್ರವಿರುವ ಹೊಸ ಸೂಟ್‌ಕೇಸು. ನಡುವೆ ಮಾವ, ಕುತ್ತಿಗೆಯಲ್ಲಿ ಹೆಡ್‌ಫೋನು. ಎಲ್ಲರೂ ಅದನ್ನು ನೋಡಿ ತಲೆದೂಗುತ್ತಿದ್ದರು. ಮ್ಯಾನೇಜರ ಭಾಷಣ ಆಗಲೇ ಶುರುವಾಗಿತ್ತು.

"ಇವರು ಎಷ್ಟೇ ಎತ್ತರಕ್ಕೆ ಹೋದ್ರೂ ನಮ್ಮನ್ನ ಮರೀಬಾರದು."

"ಏಳನೇ ಮಹಡಿಗಿಂತ ಮೇಲೆ ನಾನೆಲ್ಲಿ ಹೋಗ್ಲಿ ಸಾರ್?" ಎಂದ ಮಾವ.

ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಟೈಪಿಸ್ಟಮ್ಮ, "ಎಷ್ಟು ವಿನಯ ನೋಡು" ಎಂದು ಕಣ್ಣೊರೆಸಿಕೊಂಡರು.

"ಮೂರು ದಿನ ರಜಾ ಹಾಕಿದ್ದಕ್ಕೆ ಇಷ್ಟೊಂದು ಮಾಡಿದ್ದಾರೆ" ಎಂದು ಮಾವ ನನ್ನ ಕಿವಿಯಲ್ಲಿ ಹೇಳಿದ. "ಮೊದಲೇ ಹಾಕ್ಬೇಕಿತ್ತು." ಕನ್ನಡಕ ಹಾಕಿಕೊಂಡ. ಹಾಕಿಕೊಂಡ ಮೇಲೆ ಅವನಿಗೆ ಎಲ್ಲವೂ ಕಾಣಿಸಿತು. ಲಿಫ್ಟಿನೊಳಗೆ ಇಬ್ಬರು ಅಪರಿಚಿತರು ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು. ಅವನ ಸ್ಟೂಲು, ಇಪ್ಪತ್ತೆರಡು ವರ್ಷದಲ್ಲಿ ನಡು ತಗ್ಗಾಗಿದ್ದ ಮರದ ಸ್ಟೂಲು, ಕಾಲು ಮೇಲಾಗಿ ಮೆಟ್ಟಿಲ ಕೆಳಗೆ ಬಿದ್ದಿತ್ತು.

"ಸಾರ್, ನನ್ನ ಸ್ಟೂಲ್ ಯಾಕೆ ಹೊರಗಿದೆ?"

"ಇನ್ನು ಅದರ ಅಗತ್ಯ ಇಲ್ವಲ್ಲ. ಸೋಮವಾರದಿಂದ ಗುಂಡಿ ಲಿಫ್ಟು."

"ಮತ್ತೆ ನಾನು?"

"ನೀವೇ ಬರೆದಿದ್ದೀರಲ್ಲ, ಲಿಫ್ಟ್ ಬಿಡ್ತೀನಿ ಅಂತ."

"ಹೌದು ಸಾರ್, ಬಿಡ್ತೀನಿ."

"ಅದನ್ನೇ ನಾನೂ ಹೇಳ್ತಿರೋದು. ಬಿಡಿ."

"ಅವರು ಒಳಗಡೆ ನಿಂತಿದ್ದಾರೆ, ಹೇಗೆ ಬಿಡ್ಲಿ?"

"ಅವರಿರೋದ್ರಿಂದ್ಲೇ ನೀವು ನಿಶ್ಚಿಂತೆಯಾಗಿ ಬಿಡಬಹುದು."

"ಸ್ಟೂಲ್ ಇಲ್ದೆ ನಾನು ಬಿಡೋದಿಲ್ಲ ಸಾರ್. ಸೊಂಟ ನೋಯುತ್ತೆ."

"ಸ್ಟೂಲ್ ಬೇಕಾದ್ರೆ ತಗೊಂಡೇ ಬಿಡಿ, ಯಾರು ಬೇಡ ಅಂದ್ರು?"

ಈ ಸಂಭಾಷಣೆ ಇನ್ನೂ ಎಷ್ಟು ಹೊತ್ತು ನಡೆಯುತ್ತಿತ್ತೋ. ನನಗೆ ಮಾತ್ರ ಆ ಚೀಟಿಯ ಕೊನೆಯ ಸಾಲು ಕಣ್ಣಮುಂದೆ ಬಂದು ನಿಂತಿತು. 'ಯಾರೇ ತಡೆದರೂ'. ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು, "ಇದರಲ್ಲೇನಿದೆ ಅಂತ ಇಷ್ಟು ಮೋಹ? ಒಂದು ಹಿಡಿ. ಬಲಕ್ಕೆ ಮೇಲೆ, ಎಡಕ್ಕೆ ಕೆಳಗೆ. ನೋಡಿ, ನನ್ನ ರೂಮಿಗೆ ನಾನೇ ಹೋಗ್ತೀನಿ" ಎಂದು ಅಳತೆಯವರನ್ನು ಹೊರಗೆ ಕಳಿಸಿ, ಒಳಗೆ ಹೋಗಿ, 'ಗಡಗಡ' ಎಂದು ಜಾಲರಿ ಎಳೆದು ಹಿಡಿ ತಳ್ಳಿದರು.

ಅವರ ಕೋಣೆ ನಾಲ್ಕನೆಯ ಮಹಡಿ. ಮೆಟ್ಟಿಲು ಲಿಫ್ಟಿನ ಸುತ್ತಲೇ ಸುತ್ತಿ ಏರುತ್ತದೆ, ನಡುವೆ ಕಂಬಿ ಮಾತ್ರ. ನಾವೆಲ್ಲ ಏದುಸಿರು ಬಿಡುತ್ತ ನಾಲ್ಕಕ್ಕೆ ಹತ್ತಿ ನಿಂತೆವು. ಲಿಫ್ಟ್ ನಾಲ್ಕರಲ್ಲಿ ನಿಲ್ಲದೆ ಮೇಲೆ ಹೋಗಿತ್ತು. ಮೇಲಿನಿಂದ ಇಳಿದು ಬರುವಾಗ ಮ್ಯಾನೇಜರು ಕಂಬಿಗಳಾಚೆ ಕಾಣಿಸಿ, "ನೋಡಿ, ಎಷ್ಟು" ಎಂದು ಕೆಳಗೆ ಹೋದರು. ಮತ್ತೆ ಮೇಲೇರುವಾಗ "ಸುಲಭ" ಎಂದರು. ಮೂರನೆಯ ಸಲ ಇಳಿಯುವಾಗ ಸಣ್ಣ ದನಿಯಲ್ಲಿ "ಅಂದ್ಕೊಂಡಿದ್ದೆ" ಎಂದು ಕಣ್ಮರೆಯಾದರು.

ಲಿಫ್ಟ್ ನಿಲ್ಲುತ್ತಿರಲಿಲ್ಲ ಎಂದಲ್ಲ. ಎಲ್ಲ ಕಡೆಯೂ ನಿಲ್ಲುತ್ತಿತ್ತು, ಮಹಡಿಗಳಲ್ಲಿ ಮಾತ್ರ ಇಲ್ಲ. ಒಮ್ಮೆ ಅವರ ಬೂಟುಗಳು ನಮ್ಮ ಕಣ್ಣಿಗೆ ಎದುರಾಗಿ ನಿಂತವು, ಒಮ್ಮೆ ಬೋಳುತಲೆ ನಮ್ಮ ಕಾಲಬಳಿ ಬಂದು ನಿಂತಿತು. ಬಾಗಿಲು ತೆರೆಯಲಿಲ್ಲ. ಗುಂಡಿ ಲಿಫ್ಟಿನವರನ್ನು ಎಲ್ಲರೂ ನೋಡಿದರು. "ಇದರಲ್ಲಿ ಗುಂಡಿನೇ ಇಲ್ಲ, ನಾವೇನು ಮಾಡೋಣ" ಎಂದರು ಅವರು, ನ್ಯಾಯವಾಗಿಯೇ.

ಆಗ ಮಾವ ನಿಧಾನವಾಗಿ ಹೆಡ್‌ಫೋನನ್ನು ಕುತ್ತಿಗೆಯಿಂದ ಕಿವಿಗೇರಿಸಿದ. ಅದರ ತಂತಿ ಯಾವುದಕ್ಕೂ ಸೇರಿರಲಿಲ್ಲ, ಅಂಗಿಯ ಮೇಲೆ ಸುಮ್ಮನೆ ತೂಗುತ್ತಿತ್ತು. ಆದರೆ ಅದನ್ನು ಹಾಕಿಕೊಂಡ ಮೇಲೆ ಅವನ ದನಿ ಬದಲಾಯಿತು. ಸಿಟ್ಟೂ ಇಲ್ಲದ, ಮೆಚ್ಚುಗೆಯೂ ಇಲ್ಲದ ದನಿ.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ" ಎಂದಿತು ಆಳದಿಂದ ಒಂದು ದನಿ.

"ಎತ್ತರ ಹೇಳಿ."

"ಎರಡು. ಅಲ್ಲ, ಎರಡೂವರೆ. ಮೂರು ಬಂತು, ಹೋಯ್ತು."

"ಹಿಡಿಯನ್ನ ಹಿಂಡಬೇಡಿ. ಕೋಳಿಮರಿ ಹಿಡಿದ ಹಾಗೆ ಹಿಡೀರಿ."

"ನಾನು ಕೋಳಿಮರಿ ಹಿಡಿದವನಲ್ಲ."

"ಹಾಗಾದ್ರೆ ನಿಮ್ಮ ಕನ್ನಡಕ ಹಿಡಿದ ಹಾಗೆ. ಈಗ ನಡುವಿನ ಕಡೆ ತನ್ನಿ. ಇನ್ನೂ ಸ್ವಲ್ಪ. ಕೆಳಗೆ ಯಾಕೆ ನೋಡ್ತೀರಿ?"

"ನೆಲ ಎಲ್ಲಿದೆ ಅಂತ."

"ನೆಲ ಹುಡುಕಬೇಡಿ. ನೆಲ ಎಲ್ಲಿಗೂ ಹೋಗೋದಿಲ್ಲ. ಹೋಗ್ತಿರೋದು ನೀವು."

ಲಿಫ್ಟ್ ಬಂತು, ಒಂದು ಗೇಣು ಮೇಲೆ ನಿಂತಿತು. ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಮ್ಯಾನೇಜರು ಬಾಗಿಲು ಎಳೆಯಲು ಹೋದರು.

"ಬೇಡ" ಎಂದ ಮಾವ. "ಇನ್ನೊಂದು ಸುತ್ತು ಹೋಗಿ ಬನ್ನಿ. ನಾಚಿಕೆ ಏನಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಮ್ಯಾನೇಜರು ಮಾವನ ಮಾತು ಕೇಳಿದ್ದು ಅದೇ ಮೊದಲು. ಒಂದು ಸುತ್ತು ಹೋಗಿ ಬಂದರು. ಎರಡನೆಯ ಸಲ ಎರಡು ಬೆರಳು ತಗ್ಗಾಯಿತು. ಮೂರನೆಯ ಸಲ ಮಾವ ಕಣ್ಣು ಮುಚ್ಚಿ, ಇಲ್ಲದ ಹಿಡಿಯೊಂದನ್ನು ಗಾಳಿಯಲ್ಲಿ ತಾನೂ ಹಿಡಿದು, "ಈಗ" ಎಂದ. ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಬಂದು ಸದ್ದಿಲ್ಲದೆ ಕೂತಿತು. ಬಾಗಿಲು ತಾನಾಗಿಯೇ ಸರಿದಂತೆ ಸರಿಯಿತು.

"ಒಳ್ಳೆ ಲ್ಯಾಂಡಿಂಗ್" ಎಂದ ಮಾವ.

ಮ್ಯಾನೇಜರು ಹೊರಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ದಯವಿಟ್ಟು ನೀವು ಲಿಫ್ಟ್ ಬಿಡಬೇಡಿ."

ಮಾವನ ಮುಖ ಬಾಡಿತು. "ಬಿಡದೆ ಏನ್ಮಾಡ್ಲಿ ಸಾರ್? ನನಗೆ ಗೊತ್ತಿರೋದು ಅದೊಂದೇ."

"ಬೇಡ ಅಂದ್ನಲ್ಲ. ನೀವು ಬಿಟ್ರೆ ನಾನು ಸುಮ್ನಿರಲ್ಲ."

"ಇಪ್ಪತ್ತೆರಡು ವರ್ಷ ಬಿಟ್ಟಿದ್ದೀನಿ, ಆಗ ಯಾರೂ ಏನೂ ಅನ್ಲಿಲ್ಲ."

ಇನ್ನು ತಡೆಯಲಾಗಲಿಲ್ಲ. "ಸಾರ್" ಎಂದೆ ನಾನು, "ಬಿಡೋದು ಅಂದ್ರೆ ಓಡಿಸೋದು. ಮಾವ ಎಲ್ಲೂ ಹೋಗ್ತಿಲ್ಲ. ವಿಮಾನ ಇರೋದು ಮನೆಯ ಕಂಪ್ಯೂಟರಿನಲ್ಲಿ."

ಮ್ಯಾನೇಜರು ಜೇಬಿನಿಂದ ಚೀಟಿ ತೆಗೆದು ನಾಲ್ಕನೆಯ ಸಲ ಓದಿದರು. "ಮತ್ತೆ 'ಯಾರೇ ತಡೆದರೂ' ಅಂದ್ರೆ?"

"ಅದು ನಾನು ಚೆಂದಕ್ಕೆ ಸೇರಿಸಿದ್ದು."

ಅವರು ಚೀಟಿ ನೋಡಿದರು, ತೆರೆದ ಬಾಗಿಲು ನೋಡಿದರು. ಗುಂಡಿ ಲಿಫ್ಟಿನವರ ಕಡೆ ತಿರುಗಿ, "ನಿಮ್ಮ ಲಿಫ್ಟು ನಡುವೆ ನಿಂತ್ರೆ ಹೊರಗಿಂದ ಹೀಗೆ ಮಾತಾಡೋರು ಯಾರಾದ್ರೂ ಇರ್ತಾರಾ?" ಎಂದು ಕೇಳಿದರು. ಒಂದು ಗಂಟೆ ಬಾರಿಸುವ ಗುಂಡಿ ಇರುತ್ತದೆ ಎಂದರು ಅವರು. ಮ್ಯಾನೇಜರು ತಲೆಯಾಡಿಸಿ, ಮೆಟ್ಟಿಲ ಕೆಳಗಿನಿಂದ ಸ್ಟೂಲು ತರಿಸಿ, ಸ್ವತಃ ಲಿಫ್ಟಿನೊಳಗೆ ಇಟ್ಟರು. "ಆದ್ರೆ ಒಂದು ಮಾತು. ಹೋಗೋದಿಲ್ಲ ಅಂತ ನೀವು ಬರೆದುಕೊಡ್ಬೇಕು. ಫೈಲಿಗೆ ಬೇಕು."

ಸಂಜೆ ಮಾವ ಅಂಗಡಿಗೆ ಹೋಗಿ ಬೂದನ್ನು ಇಟ್ಟುಕೊಂಡು ನೀಲಿಯನ್ನು ತೆಗೆಸಿ ಬಂದ.

"ನೀಲಿ ಅಂದಿದ್ರಲ್ಲ?" ಎಂದಳು ಅತ್ತೆ.

"ಬಿದ್ದವನಿಗೆ ಚಪ್ಪಾಳೆ ತಟ್ಟಿದ್ರೆ ಅವನು ಮೇಲೆ ಸುತ್ತುತ್ತಲೇ ಇರ್ತಾನೆ. ಬೇಡ, ಇನ್ನೊಂದು ಸುತ್ತು ಅಂದ್ರೇನೇ ಇಳಿಯೋದು ಕಲೀತಾನೆ. ಇವತ್ತು ಕಣ್ಣಾರೆ ನೋಡಿದೆ" ಎಂದ ಮಾವ.

ಗೋಡೆಯಾಚೆ ತೀರ್ಮಾನ ಕೇಳಿಸಿತ್ತು. ಐದೇ ನಿಮಿಷದಲ್ಲಿ ಗೋಡೆರಾಯರು ಕೋಟು ತೊಟ್ಟು, ಕೈಚೀಲ ಹಿಡಿದು, ಹಣೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಏನು ಹೇಳುವುದೆಂದು ನಾವು ಮುಖ ಮುಖ ನೋಡಿಕೊಂಡೆವು. ಮಾವ ಒಂದಿಷ್ಟೂ ಅಳುಕದೆ ಅವರನ್ನು ಕಿಟಕಿ ಪಕ್ಕದ ಕುರ್ಚಿಗೆ ಕರೆದೊಯ್ದು ಕೂರಿಸಿದ. ಅವರು ಪರದೆ ನೋಡಿದರು, ಫ್ಯಾನಿನ ಸದ್ದು ಕೇಳಿದರು, ಬಹಳ ಹೊತ್ತು ಯೋಚಿಸಿದರು. ಆಮೇಲೆ ಕೈಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ, "ಹೊರಡೋದು ಎಷ್ಟು ಹೊತ್ತಿಗೆ?" ಎಂದರು.

ನಲವತ್ತೇಳು ಗುಂಡಿ ಒತ್ತಿ ಮಾವ ಹೊರಟ. ಒಂದು ಸುತ್ತು, ಎರಡು ಸುತ್ತು. ಗೋಪುರದ ಹೆಂಗಸು ಮಾತಾಡಿದಳು. ನಾನು ಕನ್ನಡ ಮಾಡಲು ಬಾಯಿ ತೆರೆದರೆ, ಮಾವ ಬೇಡವೆಂದು ಕೈ ಎತ್ತಿದ. ಮೂರನೆಯ ಸುತ್ತಿಗೆ ಚಕ್ರಗಳು ಬೂದು ನೆಲವನ್ನು ಮುಟ್ಟಿದವು. ಸದ್ದಾಗಲಿಲ್ಲ. ಮಾವ ಎದ್ದು ಹೋಗಿ ಮುಂಗೋಣೆಯ ಬಾಗಿಲು ತೆರೆದು, ಪಕ್ಕಕ್ಕೆ ನಿಂತು, "ಏಳನೇ ಮಹಡಿ" ಎಂದ. ಗೋಡೆರಾಯರು ಕೈಚೀಲ ಎತ್ತಿಕೊಂಡು, ಹೊಸ್ತಿಲು ನೋಡಿ ದಾಟಿ ಮನೆಗೆ ಹೋದರು.

"ರಾಜಕುಮಾರನೂ ಅದನ್ನೇ ಹತ್ತಿದ್ದು" ಎಂದಳು ಅಜ್ಜಿ ಮೂಲೆಯಿಂದ, ಎಚ್ಚರವಾಗಿ. "ಇಳಿಯೋದು ಗೊತ್ತಿದ್ದ ಹಕ್ಕಿ."

"ಅದಕ್ಕೆ ಏರೋದು ಗೊತ್ತಿಲ್ವಲ್ಲ ಅಜ್ಜಿ. ಮೇಲೆ ಹೇಗೆ ಹೋದ?"

"ಮಹಡಿ ಹತ್ತಿ ಹೋದ" ಎಂದು ಮಗ್ಗುಲು ಬದಲಿಸಿದಳು.

ಉಳಿದದ್ದು ಫೈಲಿನ ಕಾಗದ. ನಾನು ಪೆನ್ನು ತೆಗೆದು, ಬಹಳ ತೂಕದ ಕನ್ನಡದಲ್ಲಿ 'ಮಾನ್ಯರೇ, ಇನ್ನು ಮುಂದೆಯೂ ನಾನು ಲಿಫ್ಟ್' ಎಂದು ಬರೆಯುವಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಾನೇ ಬರೆದಳು. ಆ ಕಾಗದಕ್ಕೆ ಮ್ಯಾನೇಜರು ಚೌಕಟ್ಟು ಹಾಕಿಸಿ ಲಿಫ್ಟಿನೊಳಗೆ ತೂಗುಹಾಕಿದ್ದಾರೆ, ಸ್ಟೂಲಿನ ಮೇಲ್ಗಡೆ. ಹೋದವರು ಈಗಲೂ ಓದಬಹುದು:

'ಸಾರ್, ಇವರು ಎಲ್ಲಿಗೂ ಹೋಗುವುದಿಲ್ಲ. ಮೇಲಕ್ಕೆ ಮತ್ತು ಕೆಳಕ್ಕೆ ಮಾತ್ರ.'